ಹೊಸ ಕಂಪ್ಯೂಟರಿಗೆ ಸಾಫ್ಟ್‌ವೇರ್ ಒಂದೊಂದಾಗಿ ಹಾಕುತ್ತಾ ಕೂರಬೇಡಿ

ಗಂಗಾವತಿಯಲ್ಲಿ ನಮ್ಮ ಝೆರಾಕ್ಸ್ ಅಂಗಡಿಗೆ ಹೋದ ವಾರ ಮೂರು ಹೊಸ ಕಂಪ್ಯೂಟರ್ ಬಂದವು. ಹಿಂದಿನ ಸಲ ಕ್ರೋಮ್, ವಿಎಲ್‌ಸಿ, ಸೆವೆನ್ ಜಿಪ್ ಅಂತ ಒಂದೊಂದೇ ಹುಡುಕಿ ಹಾಕುವಷ್ಟರಲ್ಲಿ ಅರ್ಧ ದಿನ ಹೋಗಿತ್ತು, ಅದರ ಮೇಲೆ ಯಾವುದೋ ಡೌನ್‌ಲೋಡ್ ಸೈಟ್‌ನಿಂದ ಬೇಡದ ಟೂಲ್‌ಬಾರ್ ಬೇರೆ ಬಂದು ಕೂತಿತ್ತು.

ಈ ಸಲ ನಿನೈಟ್ (Ninite) ಎಂಬ ಸೈಟ್ ಬಳಸಿದೆ, ಹಲವು ಸಾಫ್ಟ್‌ವೇರ್‌ಗಳನ್ನು ಒಟ್ಟಿಗೇ ಹಾಕಿಕೊಡುತ್ತದೆ. ಅಲ್ಲಿ ಬೇಕಾದವಕ್ಕೆ ಟಿಕ್ ಹಾಕಿದರೆ ಒಂದೇ ಸಣ್ಣ ಫೈಲ್ ಸಿಗುತ್ತದೆ. ಓಡಿಸಿ ಚಹಾ ಕುಡಿದು ಬನ್ನಿ, ನೆಕ್ಸ್ಟ್ ನೆಕ್ಸ್ಟ್ ಒತ್ತುವ ಕೆಲಸವೇ ಇಲ್ಲ, ಟೂಲ್‌ಬಾರ್ ಕಾಟವೂ ಇಲ್ಲ. ಅದೇ ಫೈಲನ್ನು ಮುಂದೆ ಮತ್ತೆ ಓಡಿಸಿದರೆ ಹಳೆಯದಾದವನ್ನು ಅಪ್‌ಡೇಟ್ ಮಾಡುತ್ತದೆ. ನೆಟ್ ಮಾತ್ರ ಬೇಕೇ ಬೇಕು, ಫೈಲ್ ಸಣ್ಣದು ಅಂತ ಪೆನ್‌ಡ್ರೈವಲ್ಲಿ ಒಯ್ದು ನೆಟ್ ಇಲ್ಲದ ಕಡೆ ಹಾಕಲು ಹೋಗಬೇಡಿ.

ಕಮಾಂಡ್ ಬರೆಯಲು ಅಂಜದವರಿಗೆ ವಿನ್‌ಗೆಟ್ (winget) ಇನ್ನೂ ಚೆಂದ, ಕಮಾಂಡ್ ಕೊಟ್ಟು ಸಾಫ್ಟ್‌ವೇರ್ ಹಾಕುವ ಟೂಲ್ ಅದು. ವಿಂಡೋಸ್ 11ರಲ್ಲಿ ಅದು ಮೊದಲೇ ಇರುತ್ತದೆ, ಮೈಕ್ರೋಸಾಫ್ಟ್‌ನವರದೇ. ಒಂದು ಕಂಪ್ಯೂಟರಿನಲ್ಲಿ ಎಕ್ಸ್‌ಪೋರ್ಟ್ ಕೊಟ್ಟರೆ ಅಲ್ಲಿರುವ ಸಾಫ್ಟ್‌ವೇರ್‌ಗಳ ಪಟ್ಟಿ ಫೈಲ್ ಆಗುತ್ತದೆ, ಇನ್ನೊಂದರಲ್ಲಿ ಅದೇ ಫೈಲ್‌ಗೆ ಇಂಪೋರ್ಟ್ ಕೊಟ್ಟರೆ ಪಟ್ಟಿಯಲ್ಲಿದ್ದದ್ದು ತಾನೇ ಇಳಿಯುತ್ತದೆ. ಆದರೆ ಅದಕ್ಕೆ ಗೊತ್ತಿಲ್ಲದ ಸಾಫ್ಟ್‌ವೇರ್ ಪಟ್ಟಿಗೆ ಬರುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗಲೇ ಬಿಟ್ಟುಹೋದವುಗಳ ಹೆಸರು ಹೇಳುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ.

ನಮ್ಮಂಥವರಿಗೆ ಅನ್ನದಂತೆ ಬೇಕಾದ, ಕನ್ನಡ ಟೈಪ್ ಮಾಡುವ ‘ನುಡಿ’ ಸಾಫ್ಟ್‌ವೇರ್ ನಿನೈಟ್‌ನಲ್ಲಿ ಸಿಗುವುದಿಲ್ಲ. ಅದನ್ನೂ ಪ್ರಿಂಟರ್ ಡ್ರೈವರನ್ನೂ ಕೈಯಾರೆ ಹಾಕಬೇಕು, ಬೇರೆ ದಾರಿ ನನಗಂತೂ ಸಿಕ್ಕಿಲ್ಲ.