ಊರಿನ ಲ್ಯಾಪ್‌ಟಾಪ್‌ನಲ್ಲಿ ಬೆಂಗಳೂರಿನ ಡೆಸ್ಕ್‌ಟಾಪ್: ನನ್ನ ಅನುಭವ

ನನ್ನದು ನಕ್ಷೆ ಮಾಡುವ ಕೆಲಸ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಉಪಗ್ರಹ ಚಿತ್ರ ಹಾಕಿಕೊಂಡು ಊರಿನ ಗಡಿ, ಕೆರೆ, ಹಳ್ಳ ಎಲ್ಲ ಎಳೆಯುವುದು, ಮೇಲೆ ಕನ್ನಡದಲ್ಲಿ ಹೆಸರು ಬರೆಯುವುದು. ಒಂದೊಂದು ಫೈಲೂ ಹಲವು ಜಿಬಿ. ಅದಕ್ಕೆಂದೇ ಬೆಂಗಳೂರಿನ ಮನೆಯಲ್ಲಿ 32 ಜಿಬಿ ರ್‍ಯಾಮ್ ಇರುವ ಉಬುಂಟು (ಲಿನಕ್ಸ್) ಡೆಸ್ಕ್‌ಟಾಪ್ ಇಟ್ಟಿದ್ದೇನೆ. ಶಿರಸಿ ಕಡೆಯ ನಮ್ಮೂರಿಗೆ ಹೋದರೆ ಕೈಯಲ್ಲಿರುವುದು 4 ಜಿಬಿಯ ಹಳೇ ವಿಂಡೋಸ್ 10 ಲ್ಯಾಪ್‌ಟಾಪ್. ಅದರಲ್ಲಿ ಕ್ಯೂಜಿಐಎಸ್ ತೆರೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಫೈಲ್ ಹೊತ್ತು ತಿರುಗುವ ಬದಲು ಬೆಂಗಳೂರಿನ ಸ್ಕ್ರೀನನ್ನೇ ಇಲ್ಲಿಗೆ ತರಿಸಿಕೊಂಡೆ, ದೂರದ ಕಂಪ್ಯೂಟರ್‌ನ ಸ್ಕ್ರೀನ್ ತೋರಿಸುವ ವಿಎನ್‌ಸಿ ಎಂಬ ವ್ಯವಸ್ಥೆಯಿಂದ. ಈಗ ಊರಲ್ಲಿದ್ದಾಗಲೆಲ್ಲ ಹೀಗೇ ಕೆಲಸ.

ಮೊದಲು ನೋಡಿದ್ದು ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಸಾಧನ) ಜೊತೆಗೇ ಬರುವ ಎಕ್ಸ್11 ಫಾರ್ವರ್ಡಿಂಗ್, ಅಂದರೆ ಆ ಕಡೆಯ ಪ್ರೋಗ್ರಾಮಿನ ಕಿಟಕಿಯನ್ನು ಈ ಕಡೆ ತೆರೆಯುವ ವಿಧಾನ. ಒಂದೇ ಮನೆಯ ವೈಫೈ ಒಳಗೆ ಅದು ಚೆನ್ನಾಗಿದೆ. ದೂರದಿಂದ ಮಾತ್ರ ಕಷ್ಟ. ಒಂದು ಮೆನು ತೆರೆಯಬೇಕಾದರೂ ಎರಡು ಕಂಪ್ಯೂಟರ್‌ಗಳು ಎಷ್ಟೋ ಸಲ ಹೋಗಿ ಬಂದು ಮಾತಾಡಿಕೊಳ್ಳಬೇಕು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ನೆಟ್ ಕಡಿದರೆ ಆ ಪ್ರೋಗ್ರಾಮೂ ಸತ್ತುಹೋಗುತ್ತದೆ. ಮಳೆಗಾಲದ ಮಲೆನಾಡಿಗೆ ಇದು ಆಗಿಬರುವುದಿಲ್ಲ.

ವಿಎನ್‌ಸಿ ಹಾಗಲ್ಲ. ಇದು ಕೇಂಬ್ರಿಜ್‌ನ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ 90ರ ದಶಕದಲ್ಲಿ ಹುಟ್ಟಿದ್ದು. ಅದರ ಉಪಾಯ ತುಂಬಾ ಸರಳ. ಡೆಸ್ಕ್‌ಟಾಪ್ ಇಡೀ ಆ ಕಡೆಯೇ ಓಡುತ್ತದೆ, ಬದಲಾದ ಚಿತ್ರದ ತುಂಡುಗಳು ಮಾತ್ರ ಈ ಕಡೆ ಬರುತ್ತವೆ. ನೆಟ್ ಹೋದರೆ ಹೋಗಲಿ. ಮತ್ತೆ ಸೇರಿಕೊಂಡಾಗ ಅರ್ಧ ಎಳೆದ ಕೆರೆ ಅರ್ಧದಲ್ಲೇ ಕಾಯುತ್ತಿರುತ್ತದೆ. ಆ ಕಡೆ ಮಾನಿಟರ್ ಕೂಡ ಬೇಕಿಲ್ಲ.

ಡೆಸ್ಕ್‌ಟಾಪ್‌ನಲ್ಲಿ ವಿಎನ್‌ಸಿಯ ಒಂದು ತಂತ್ರಾಂಶವಾದ ಟೈಗರ್‌ವಿಎನ್‌ಸಿ ಮತ್ತು ಹಗುರವಾದ ಡೆಸ್ಕ್‌ಟಾಪ್ ನೋಟ ಕೊಡುವ ಎಕ್ಸ್‌ಎಫ್‌ಸಿಇ ಹಾಕಿದೆ. ಉಬುಂಟು ಜೊತೆಗೇ ಬರುವ ಗ್ನೋಮ್ ನೋಟ ಚಂದವೇ, ಆದರೆ ಅದರ ನೆರಳು, ಜಾರಾಟ ಎಲ್ಲವೂ ನೆಟ್ ಮೇಲೆ ದಂಡ. ಎಕ್ಸ್‌ಎಫ್‌ಸಿಇಯಲ್ಲೂ ಕಂಪೋಸಿಟಿಂಗ್ (ಇಂಥ ನೆರಳು, ಪಾರದರ್ಶಕ ಅಲಂಕಾರ) ಆಫ್ ಮಾಡಿ, ವಾಲ್‌ಪೇಪರ್ ತೆಗೆದು ಒಂದೇ ಬಣ್ಣ ಇಟ್ಟೆ. ಸ್ಟಾರ್ಟ್ ಮಾಡಿದಾಗ ಬರೀ ಬೂದು ಸ್ಕ್ರೀನ್ ಬಂದರೆ ನೋಡಬೇಕಾದ್ದು ಎಕ್ಸ್‌ಸ್ಟಾರ್ಟಪ್ ಫೈಲ್, ವಿಎನ್‌ಸಿ ಶುರುವಾದಾಗ ಏನೇನು ಓಡಬೇಕು ಅಂತ ಬರೆದಿರುವುದು ಅದರಲ್ಲೇ. ಡಿಬಸ್‌ನ (ಪ್ರೋಗ್ರಾಮುಗಳು ಒಂದಕ್ಕೊಂದು ಮಾತಾಡುವ ವ್ಯವಸ್ಥೆ) ಹಳೇ ವಿಳಾಸ, ಹಳೇ ಸೆಷನ್ ಮ್ಯಾನೇಜರ್‌ನ ಗುರುತು ಎರಡನ್ನೂ ಅಲ್ಲಿ ಅನ್‌ಸೆಟ್ ಮಾಡಿ (ಅಳಿಸಿ), ಆಮೇಲೆ ಎಕ್ಸ್‌ಎಫ್‌ಸಿಇ ಶುರು ಮಾಡಿಸಬೇಕು.

ಇನ್ನು ಪೋರ್ಟ್ ವಿಚಾರ, ಅಂದರೆ ನೆಟ್‌ನಿಂದ ಕಂಪ್ಯೂಟರ್ ಒಳಗೆ ಬರುವ ನಂಬರಿನ ಬಾಗಿಲು. ವಿಎನ್‌ಸಿಯ ಒಂದನೇ ಡಿಸ್‌ಪ್ಲೇ (ಸ್ಕ್ರೀನ್) 5901ರಲ್ಲಿ ಕೂರುತ್ತದೆ, ಎರಡನೆಯದು 5902. ರೌಟರ್‌ನಲ್ಲಿ ಆ ಪೋರ್ಟ್ ತೆರೆದುಬಿಟ್ಟರೆ ಆಯ್ತು ಎನ್ನುವ ಸಲಹೆ ಕೊಡುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ವಿಎನ್‌ಸಿಯ ಹಳೇ ಬಗೆಯ ಪಾಸ್‌ವರ್ಡ್‌ನಲ್ಲಿ ಲೆಕ್ಕಕ್ಕೆ ಬರುವುದು ಮೊದಲ 8 ಅಕ್ಷರ ಮಾತ್ರ. ನೀವು ಎಷ್ಟೇ ಉದ್ದ ಬರೆದರೂ ಮಿಕ್ಕಿದ್ದು ಸುಮ್ನೆ. ಬೀದಿಗೆ ತೆರೆದ ಬಾಗಿಲಿಗೆ ಇಷ್ಟು ಬೀಗ ಸಾಲದು. ಹಾಗಾಗಿ ಸರ್ವರ್‌ಗೆ ಲೋಕಲ್‌ಹೋಸ್ಟ್‌ನಲ್ಲಿ (ಅದೇ ಕಂಪ್ಯೂಟರ್‌ನ ಒಳಗಿಂದ) ಮಾತ್ರ ಕೇಳು ಅಂತ ಹೇಳಿ, ಎಸ್‌ಎಸ್‌ಎಚ್ ಸುರಂಗದ ಒಳಗಿಂದಲೇ ಹೋಗುತ್ತೇನೆ. ವಿಂಡೋಸ್ 10ರಲ್ಲಿ ಎಸ್‌ಎಸ್‌ಎಚ್ ಮೊದಲೇ ಇದೆ. ಕಮಾಂಡ್‌ನಲ್ಲಿ ಮೊದಲು ಎಸ್‌ಎಸ್‌ಎಚ್, ಆಮೇಲೆ ಮೈನಸ್, ದೊಡ್ಡ ಎಲ್, ಅದರ ಮುಂದೆ 5901:ಲೋಕಲ್‌ಹೋಸ್ಟ್:5901, ಕೊನೆಗೆ ಯೂಸರ್ ಹೆಸರು ಮತ್ತು ಆ ಕಡೆಯ ವಿಳಾಸ. ಆಮೇಲೆ ಲ್ಯಾಪ್‌ಟಾಪ್‌ನ ವಿಎನ್‌ಸಿ ವ್ಯೂವರ್‌ನಲ್ಲಿ (ಸ್ಕ್ರೀನ್ ತೋರಿಸುವ ತಂತ್ರಾಂಶ) ಲೋಕಲ್‌ಹೋಸ್ಟ್:5901 ಎಂದರೆ ಬೆಂಗಳೂರು ಬರುತ್ತದೆ. ಎಸ್‌ಎಸ್‌ಎಚ್‌ಗೂ ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಕೀ ಫೈಲ್ (ಪಾಸ್‌ವರ್ಡ್ ಬದಲಿನ ಬೀಗದ ಕೈ) ಮಾತ್ರ ಇಟ್ಟಿದ್ದೇನೆ.

ಆ ಕಡೆಯ ವಿಳಾಸವೇ ಒಂದು ತಲೆನೋವು. ನಮ್ಮಲ್ಲಿ ತುಂಬಾ ಮನೆ ಕನೆಕ್ಷನ್‌ಗಳಿಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ಕಾಣುವ ಇಂಟರ್ನೆಟ್ ವಿಳಾಸ) ಇರುವುದಿಲ್ಲ, ನೂರಾರು ಮನೆಗೆ ಒಂದೇ ವಿಳಾಸ. ಹೊರಗಿನಿಂದ ನಮ್ಮ ರೌಟರ್‌ವರೆಗೂ ತಲುಪಲು ಆಗುವುದಿಲ್ಲ. ಇದಕ್ಕೆ ಎರಡೂ ಕಡೆ ಟೇಲ್‌ಸ್ಕೇಲ್ ಹಾಕಿದೆ, ದೂರದ ಕಂಪ್ಯೂಟರ್‌ಗಳನ್ನು ಒಂದೇ ಖಾಸಗಿ ನೆಟ್‌ವರ್ಕ್‌ಗೆ ಸೇರಿಸುವ ತಂತ್ರಾಂಶ ಅದು. ಒಳಗೆ ಇರುವುದು ವೈರ್‌ಗಾರ್ಡ್ ಎಂಬ ಸುರಕ್ಷಿತ ಸಂಪರ್ಕದ ವಿಧಾನ. ಎರಡೂ ಕಂಪ್ಯೂಟರ್ ಒಳಗಿನಿಂದ ಹೊರಗೆ ಹೋಗಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ, ಪ್ರತಿಯೊಂದಕ್ಕೂ 100ರಿಂದ ಶುರುವಾಗುವ ಒಂದು ವಿಳಾಸ ಸಿಗುತ್ತದೆ. ನೇರ ದಾರಿ ಸಿಗದಿದ್ದರೆ ನಡುವಿನ ಸರ್ವರ್ ಮೂಲಕ ಸುತ್ತಿ ಬರುತ್ತದೆ. ಆಗ ಮೌಸ್ ಸ್ವಲ್ಪ ಎಳೆಯುತ್ತದೆ. ಟೇಲ್‌ಸ್ಕೇಲ್‌ನದೇ ಪಿಂಗ್ ಕಮಾಂಡ್ ಕೊಟ್ಟು ನೋಡಿದರೆ ಯಾವ ದಾರಿ ಅಂತ ಗೊತ್ತಾಗುತ್ತದೆ.

ಈ ಕೆಲಸಕ್ಕೆ ನೆಟ್ ಸ್ಪೀಡ್‌ಗಿಂತ ಪಿಂಗ್ (ಸುದ್ದಿ ಹೋಗಿ ಬರಲು ಹಿಡಿಯುವ ಸಮಯ) ಮುಖ್ಯ. ಜಾಸ್ತಿ ಎಂಬಿಪಿಎಸ್ ಇದ್ದೂ ಪಿಂಗ್ 200 ಮಿಲಿಸೆಕೆಂಡ್ ಆದರೆ ಗಡಿ ರೇಖೆಯ ಒಂದು ಬಿಂದು ಹಿಡಿದು ಸರಿಸುವುದು ಹಿಂಸೆ. ಕಡಿಮೆ ಸ್ಪೀಡ್ ಇದ್ದೂ ಪಿಂಗ್ ಚೆನ್ನಾಗಿದ್ದರೆ ವ್ಯೂವರ್‌ನಲ್ಲಿ ಜೆಪೆಗ್ ಗುಣಮಟ್ಟ ಇಳಿಸಿ ಆರಾಮಾಗಿ ಎಳೆಯಬಹುದು. ನಕ್ಷೆಯ ಬಣ್ಣ ಸರಿ ನೋಡಬೇಕಾದಾಗ ಮಾತ್ರ ಅದನ್ನು ಏರಿಸುತ್ತೇನೆ. ಮೂರು ಆಯಾಮದ ನೋಟವನ್ನು ಮಾತ್ರ ಇದರಲ್ಲಿ ಮುಟ್ಟುವುದಿಲ್ಲ. ಈ ಸ್ಕ್ರೀನ್‌ಗೆ ಗ್ರಾಫಿಕ್ಸ್ ಕಾರ್ಡ್ ಸಿಗುವುದಿಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ.

ಕನ್ನಡ ಟೈಪಿಂಗ್ ಬಗ್ಗೆ ಯಾರೂ ಹೇಳುವುದಿಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲ್ಯಾಪ್‌ಟಾಪ್‌ನಲ್ಲೇ ಕನ್ನಡ ಕೀಬೋರ್ಡ್ ಇಟ್ಟುಕೊಂಡು 'ಯಲ್ಲಾಪುರ' ಅಂತ ಹೊಡೆದರೆ ಆ ಕಡೆ ಕೆಲವು ಅಕ್ಷರ ಬಂದು ಕೆಲವು ನುಂಗಿಹೋಗುತ್ತಿದ್ದವು. ವ್ಯೂವರ್ ಕಳಿಸುವುದು ಕೀ ಒತ್ತಿದ ಸುದ್ದಿಯನ್ನು. ಅದನ್ನು ಅಕ್ಷರ ಮಾಡುವ ಕೆಲಸ ಆ ಕಡೆಗೇ ಬಿಡುವುದು ಒಳ್ಳೆಯದು. ಹಾಗಾಗಿ ಈ ಕಡೆ ಇಂಗ್ಲಿಷ್ ಕೀಬೋರ್ಡೇ ಇರಲಿ. ಆ ಕಡೆ ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ವ್ಯವಸ್ಥೆ), ಅದಕ್ಕೆ ಕೀಬೋರ್ಡ್ ವಿನ್ಯಾಸಗಳನ್ನು ಕೊಡುವ ಎಂ17ಎನ್ ಹಾಕಿ ಕಗಪ ಎಂಬ ಕನ್ನಡ ವಿನ್ಯಾಸ ಆರಿಸಿಕೊಳ್ಳಿ. ಐಬಸ್ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್) ಮತ್ತು ಅದಕ್ಕೆ ಬೇಕಾದ ಪರಿಸರ (ಎನ್ವಿರಾನ್‌ಮೆಂಟ್) ಸಾಲುಗಳನ್ನು ಎಕ್ಸ್‌ಸ್ಟಾರ್ಟಪ್‌ನಲ್ಲೇ ಬರೆಯಬೇಕು. ಕ್ಯೂಜಿಐಎಸ್ ಕ್ಯೂಟಿ ಎಂಬ ತಂತ್ರಾಂಶ ಚೌಕಟ್ಟಿನಲ್ಲಿ ಕಟ್ಟಿದ್ದು, ಕ್ಯೂಟಿಯ ಸಾಲು ಬರೆಯದೆ ಬಿಟ್ಟರೆ ಬೇರೆಲ್ಲ ಕಡೆ ಕನ್ನಡ ಬಂದು ನಕ್ಷೆಯಲ್ಲಿ ಮಾತ್ರ ಬರದೆ ಹೋಗಬಹುದು.

ಕಾಪಿ ಪೇಸ್ಟ್ ಇನ್ನೊಂದು ಗೋಳು. ವಿಎನ್‌ಸಿಯ ಹಳೇ ಕ್ಲಿಪ್‌ಬೋರ್ಡ್‌ಗೆ ಲ್ಯಾಟಿನ್ ಅಕ್ಷರ ಬಿಟ್ಟು ಬೇರೆ ಗೊತ್ತಿಲ್ಲ. ಈ ಕಡೆಯಿಂದ ಹಳ್ಳಿಗಳ ಪಟ್ಟಿ ಪೇಸ್ಟ್ ಮಾಡಿದರೆ ಆ ಕಡೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಎರಡೂ ಕಡೆ ಹೊಸ ಟೈಗರ್‌ವಿಎನ್‌ಸಿ ಇದ್ದರೆ ಯೂನಿಕೋಡ್ ಸರಿಯಾಗಿ ದಾಟುತ್ತದೆ. ಫಾಂಟ್ ಮಾತ್ರ ಚಿಂತೆಯಿಲ್ಲ. ಬರುವುದು ಚಿತ್ರ ಅಲ್ವಾ, ನೋಟೋ ಸಾನ್ಸ್ ಕನ್ನಡ ಬೆಂಗಳೂರಿನಲ್ಲಿದ್ದರೆ ಸಾಕು.

ಊರಿಗೆ ಹೊರಡುವ ಮುಂಚೆ ಡೆಸ್ಕ್‌ಟಾಪ್‌ನ ಸ್ಲೀಪ್ ಆಫ್ ಮಾಡಿ. ಕರೆಂಟ್ ಹೋಗಿ ಬಂದರೆ ತಾನೇ ಆನ್ ಆಗುವಂತೆ ಬಯೋಸ್‌ನಲ್ಲಿ ಹೇಳಿ, ವಿಎನ್‌ಸಿ ಸಿಸ್ಟಮ್‌ಡಿಯಿಂದ (ಬೂಟ್ ಆದಾಗ ಪ್ರೋಗ್ರಾಮು ಶುರು ಮಾಡುವ ವ್ಯವಸ್ಥೆ) ತಾನೇ ಏಳುವಂತೆ ಮಾಡಿ. ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದರೆ ಬೂಟ್ ಆಗುವಾಗ ಪಾಸ್‌ವರ್ಡ್ ಕೇಳಿಕೊಂಡು ಅಲ್ಲೇ ನಿಂತಿರುತ್ತದೆ, ಅದಕ್ಕೆ ಮನೆಯಲ್ಲಿ ಒಬ್ಬರು ಬೇಕೇ ಬೇಕು. ರೌಟರ್‌ಗೂ ಒಂದು ಸಣ್ಣ ಯುಪಿಎಸ್ ಇಡಿ. ಕೆಲಸ ಮುಗಿದ ಮೇಲೆ ನಕ್ಷೆಯ ಪಿಡಿಎಫ್ ಬೇಕಾದರೆ ಅದೇ ಎಸ್‌ಎಸ್‌ಎಚ್ ದಾರಿಯಲ್ಲಿ ಎಸ್‌ಸಿಪಿ (ಫೈಲ್ ನಕಲು) ಮಾಡಿದರೆ ಆಯ್ತು.