ಹಾಲಿಲ್ಲದ ಕಾಫಿಯ ತಿಂಗಳು

ನನ್ನ ಚಟ ಸಿಗರೇಟಿನದಲ್ಲ, ಕುಡಿತದ್ದೂ ಅಲ್ಲ. ಹಾಗಿದ್ದಿದ್ದರೆ ವಾಸನೆಗೇ ಮನೆಯವರಿಗೆ ಗೊತ್ತಾಗುತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಫೋನಿನಲ್ಲಿ ನೋಡಬಾರದ ವಿಡಿಯೋ ನೋಡುವುದು, ಅದು ನನ್ನ ಚಟ. ಈ ಒಂದು ವಾಕ್ಯ ಬರೆಯೋಕೆ ನನಗೆ ಎರಡು ವಾರ ಬೇಕಾಯಿತು.

ನಾವು ಮೈಸೂರಿನವರು. ನನ್ನದು ಲೆಕ್ಕಪತ್ರದ ಕೆಲಸ. 2020ರ ಲಾಕ್‌ಡೌನ್‌ನಲ್ಲಿ ಆಫೀಸು ಮನೆಯೊಳಗೇ ಬಂತು. ಹೆಂಡತಿ, ಮಗಳು, ಅಮ್ಮ ಮಲಗಿದ ಮೇಲೆ ಹಾಲ್‌ನಲ್ಲಿ ನಾನೊಬ್ಬನೇ. ಮೊದಮೊದಲು ಹಳೆ ಕ್ರಿಕೆಟ್ ಮ್ಯಾಚು, ಆಮೇಲೆ ರೀಲ್ಸು, ಆಮೇಲೆ ಅದು. ಎರಡು ವರ್ಷದಲ್ಲಿ ವಾರಕ್ಕೆ ಮೂರು ನಾಲ್ಕು ರಾತ್ರಿ ಒಂದು ಗಂಟೆ, ಎರಡು ಗಂಟೆ ಆಗುತ್ತಿತ್ತು.

ಬೆಳಿಗ್ಗೆ ಸಂಧ್ಯಾವಂದನೆಗೆ ಕೂತು ಆಚಮನಕ್ಕೆ ಅಂಗೈಯಲ್ಲಿ ನೀರು ಹಾಕಿಕೊಂಡರೆ, ರಾತ್ರಿ ನೋಡಿದ್ದೇ ಕಣ್ಣಿಗೆ ಬರುತ್ತಿತ್ತು. 'ಕೇಶವಾಯ ಸ್ವಾಹಾ' ಅನ್ನೋಕೆ ನಾಲಿಗೆ ಏಳುತ್ತಿರಲಿಲ್ಲ. ಈ ಬಾಯಲ್ಲಿ ದೇವರ ಹೆಸರು ಬೇಡ ಅಂತ ಸಂಧ್ಯಾವಂದನೆಯನ್ನೇ ಬಿಟ್ಟೆ. ಈಗ ತಿರುಗಿ ನೋಡಿದರೆ ನಾನು ಮಾಡಿದ ದೊಡ್ಡ ತಪ್ಪು ಇದೇ. ಚಟವನ್ನು ಇಟ್ಟುಕೊಂಡು ಸಂಧ್ಯಾವಂದನೆ ಬಿಟ್ಟೆ. ಉಲ್ಟಾ ಮಾಡಬೇಕಿತ್ತು.

ಬಿಡೋಕೆ ಪ್ರಯತ್ನವೇ ಮಾಡಲಿಲ್ಲ ಅಂತಲ್ಲ. ಆ್ಯಪ್ ತೆಗೆದೆ, ಮತ್ತೆ ಹಾಕಿದೆ. ರಾತ್ರಿ ತಣ್ಣೀರು ಸ್ನಾನ ಮಾಡಿದೆ, ನೆಗಡಿ ಬಂತು. ಮಂತ್ರಾಲಯಕ್ಕೆ ಹೋದಾಗ ರಾಯರ ಬೃಂದಾವನದ ಎದುರು ಇನ್ನು ನೋಡಲ್ಲ ಅಂತ ಆಣೆ ಇಟ್ಟೆ. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ಚಟದ ಜೊತೆಗೆ ಆಣೆ ಮುರಿದ ಭಯವೂ ಸೇರಿಕೊಂಡಿತು. ಆ ಭಯ ಮರೆಯೋಕೆ ಮತ್ತೆ ಫೋನು. ಆಣೆ ಇಡಬೇಡಿ ಅಂತ ಯಾರು ಕೇಳಿದರೂ ಹೇಳುತ್ತೇನೆ.

2022ರ ಆಷಾಢದಲ್ಲಿ ಅಮ್ಮ ಒಂದು ಮಾತು ಎತ್ತಿದರು. ಅಪ್ಪ ಹೋದ ಮೇಲೆ ಮನೆಯಲ್ಲಿ ಚಾತುರ್ಮಾಸ್ಯದ ವ್ರತ ಪೂರ್ತಿ ಹಿಡಿಯುವವರು ಇಲ್ಲ, ನೀನು ಹಿಡಿ ಅಂದರು. ನಾನು ಹೂಂ ಅಂದದ್ದು ಅಪ್ಪನ ಮೇಲಿನ ಪ್ರೀತಿಗೆ, ಸುಳ್ಳು ಯಾಕೆ. ಚಟಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಅವತ್ತು ಹೊಳೆದಿರಲಿಲ್ಲ.

ಚಾತುರ್ಮಾಸ್ಯ ಶುರುವಾಗುವ ಪ್ರಥಮ ಏಕಾದಶಿಯ ದಿನ ಮಠದಲ್ಲಿ ತಪ್ತಮುದ್ರೆಗೆ ಸಾಲಿನಲ್ಲಿ ನಿಂತೆ. ಹೋಮದ ಬೆಂಕಿಯಲ್ಲಿ ಕಾಸಿದ ಶಂಖ, ಚಕ್ರದ ಮುದ್ರೆಯನ್ನು ತೋಳಿನ ಮೇಲೆ ಒತ್ತುತ್ತಾರೆ. ಚುರ್ ಅಂತ ಒಂದು ಕ್ಷಣ, ಅಷ್ಟೇ. ಈ ಬಿಸಿಗೆ ನನ್ನೊಳಗಿನ ಹೊಲಸೂ ಸುಟ್ಟುಹೋಗಲಿ ಅಂತ ಕಣ್ಣು ಮುಚ್ಚಿ ಬೇಡಿಕೊಂಡೆ. ನಾಲ್ಕು ದಿನಕ್ಕೆ ತೋಳಿನ ಗುರುತು ಮಾಸಿತು. ಹೊಲಸು ಹಾಗೇ ಇತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಮಾಧ್ವರಲ್ಲಿ ಚಾತುರ್ಮಾಸ್ಯದ ಈ ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ನಡುವೆ ತಿಂಗಳಿಗೆರಡು ಏಕಾದಶಿ ಇದ್ದೇ ಇದೆ.

ಶಾಕವ್ರತ ಕಷ್ಟವಾಗಲಿಲ್ಲ. ಹೆಸರುಬೇಳೆ ತೊವ್ವೆ, ಮೆಣಸು ಜೀರಿಗೆ ಸಾರು. ಹದಿನೈದು ದಿನಕ್ಕೆ ಬೆಂಡೆಕಾಯಿ ಗೊಜ್ಜು ಕನಸಿಗೆ ಬರುತ್ತದೆ, ಆದರೂ ನಡೆಯುತ್ತದೆ. ದಧಿವ್ರತದಲ್ಲಿ ಒಂದು ತಮಾಷೆ ಇದೆ. ಮೊಸರು ಕೂಡದು, ಮಜ್ಜಿಗೆ ಆಗಬಹುದು. ಮೊದಲ ವಾರ ತೆಳ್ಳಗೆ ಕಡೆದ ಮಜ್ಜಿಗೆಯನ್ನೇ ಹಾಕಿಕೊಂಡೆ. ಎರಡನೇ ವಾರ ಮಜ್ಜಿಗೆ ಸ್ವಲ್ಪ ಗಟ್ಟಿಯಾಯಿತು. ಮೂರನೇ ವಾರ ಅಮ್ಮ ನನ್ನ ತಟ್ಟೆ ನೋಡಿ, "ಇದಕ್ಕೆ ಚಮಚ ನೆಟ್ಟರೆ ನಿಲ್ಲತ್ತೆ ಕಣೋ" ಅಂದರು. ಎಲ್ಲರೂ ನಕ್ಕೆವು. ಆದರೆ ರಾತ್ರಿ ಅದೇ ಮಾತು ತಲೆಯಲ್ಲಿ ಸುತ್ತಿತು. ನಾನು ಫೋನಿನ ಜೊತೆ ಮಾಡುವುದೂ ಇದೇ ಅಲ್ವಾ? ಅದು ಬೇಡ, ಸುಮ್ನೆ ಹತ್ತು ನಿಮಿಷ ರೀಲ್ಸು ಅಷ್ಟೇ ಅಂತ ಶುರು. ದಿನದಿಂದ ದಿನಕ್ಕೆ ಮಜ್ಜಿಗೆ ಗಟ್ಟಿಯಾಗುತ್ತಾ ಹೋಗುತ್ತದೆ.

ನಿಜವಾದ ಪಾಠ ಆಗಿದ್ದು ಕ್ಷೀರವ್ರತದಲ್ಲಿ. ಹಾಲಿಲ್ಲ ಅಂದರೆ ಕಾಫಿ ಇಲ್ಲ. ನಮ್ಮ ಮನೆಯವರಿಗೆ ಇದು ಉಪವಾಸಕ್ಕಿಂತ ದೊಡ್ಡ ಕಷ್ಟ. ಬರೀ ಡಿಕಾಕ್ಷನ್‌ಗೆ ಬೆಲ್ಲ ಹಾಕಿ ಕುಡಿದೆ, ಕಷಾಯದ ಹಾಗಿತ್ತು. ಆಫೀಸಿನಲ್ಲಿ ನಾಲ್ಕು ಗಂಟೆಗೆ ಹುಡುಗ ಟ್ರೇ ಹಿಡಿದು ಬರುತ್ತಾನೆ. ಸ್ಟೀಲ್ ಲೋಟ, ಮೇಲೆ ನೊರೆ. ಆ ವಾಸನೆ ಬಂದ ತಕ್ಷಣ ಬಾಯಲ್ಲಿ ನೀರು, ಹಣೆಯಲ್ಲಿ ಒಂದು ಸಣ್ಣ ಸೆಳೆತ, ಕೈ ತಾನೇ ಮುಂದೆ ಹೋಗುತ್ತದೆ. ಮೊದಲ ದಿನ ಎದ್ದು ಹೊರಗೆ ಹೋದೆ. ಎರಡನೇ ದಿನ ಕೂತೇ ಇದ್ದೆ. ಕೆಲಸ ಮಾಡಲಿಲ್ಲ, ಆ ಆಸೆಯನ್ನೇ ನೋಡುತ್ತಾ ಕೂತೆ. ಏರಿತು, ಏರಿತು, ಇನ್ನು ತಡೆಯೋಕಾಗಲ್ಲ ಅನ್ನುವಷ್ಟು ಏರಿತು. ಆಮೇಲೆ ಅದರಷ್ಟಕ್ಕೆ ಇಳಿಯೋಕೆ ಶುರುವಾಯಿತು. ಗಡಿಯಾರ ನೋಡಿದೆ, ನಾಲ್ಕು ಇಪ್ಪತ್ತು. ಮರುದಿನವೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಅದರ ಮರುದಿನವೂ.

ಇಷ್ಟು ವರ್ಷ ನಾನು ಅಂದುಕೊಂಡಿದ್ದು ಬೇರೆ. ಆಸೆಯನ್ನು ತೀರಿಸದಿದ್ದರೆ ಅದು ಏರುತ್ತಲೇ ಹೋಗುತ್ತದೆ, ರಾತ್ರಿಯಿಡೀ ನಿದ್ದೆ ಬರಲ್ಲ, ಅದಕ್ಕಿಂತ ಒಮ್ಮೆ ನೋಡಿ ಮುಗಿಸುವುದೇ ವಾಸಿ ಅಂತ. ಏರಿದ್ದು ಇಳಿಯುತ್ತದೆ ಅನ್ನುವುದನ್ನು ನೋಡಿರಲೇ ಇಲ್ಲ. ಇಳಿಯೋಕೆ ಬಿಟ್ಟರೆ ತಾನೆ ಕಾಣುವುದು!

ಆದರೆ ಆಫೀಸಿನಲ್ಲಿ ಸುತ್ತ ಜನ ಇರುತ್ತಾರೆ. ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ಒಬ್ಬನೇ ಆ ಇಪ್ಪತ್ತು ನಿಮಿಷ ಕಳೆಯುವುದು ಹೇಗೆ? ಸುಮ್ಮನೆ ಕೂತು ಆಸೆಯನ್ನು ನೋಡ್ತೀನಿ ಅಂತ ಹೊರಟರೆ, ಕಾಫಿಯಲ್ಲಿ ಆದ ಹಾಗೆ ಇಲ್ಲಿ ಆಗಲಿಲ್ಲ. ನೋಡುತ್ತಾ ನೋಡುತ್ತಾ ಅದರೊಳಗೇ ಜಾರಿದೆ. ಗೀತೆಯ 2ನೇ ಅಧ್ಯಾಯದ 62ನೇ ಶ್ಲೋಕದಲ್ಲಿ ಕೃಷ್ಣ ಇದನ್ನೇ ಹೇಳುತ್ತಾನೆ. ವಿಷಯವನ್ನು ನೆನೆಯುತ್ತಾ ಕೂತರೆ ಅಂಟು ಹುಟ್ಟುತ್ತದೆ, ಅಂಟಿನಿಂದ ಆಸೆ. ಅಪ್ಪನಿಂದ ಈ ಶ್ಲೋಕ ಬಾಯಿಪಾಠ ಆಗಿತ್ತು. ಅರ್ಥ ಆಗಿದ್ದು ಮೂವತ್ತೆಂಟನೇ ವಯಸ್ಸಿನಲ್ಲಿ.

ಹಾಗಾಗಿ ಅಪ್ಪನ ಜಪಮಾಲೆ ಹುಡುಕಿದೆ. ದೇವರ ಮನೆಯ ಮೇಲಿನ ಅಟ್ಟದಲ್ಲಿ, ಕೆಂಪು ಚೀಲದಲ್ಲಿ ಇತ್ತು. ತುಳಸಿ ಮಣಿ, ಅವರ ಬೆರಳಿಗೆ ಸವೆದು ನುಣ್ಣಗಾಗಿತ್ತು. 108 ಇರಬೇಕಾದದ್ದು, ಎಣಿಸಿದರೆ 107. ಒಂದು ಎಲ್ಲೋ ಬಿದ್ದುಹೋಗಿದೆ, ಆ ಜಾಗದಲ್ಲಿ ಅಪ್ಪನೇ ದಾರಕ್ಕೆ ಗಂಟು ಹಾಕಿದ್ದರು. ಪೋಣಿಸಿ ಕೊಡ್ತೀನಿ ಅಂತ ಅಮ್ಮ ಅಂದರು, ಬೇಡ ಅಂದೆ. ಗಂಟನ್ನೂ ಒಂದು ಮಣಿ ಅಂತ ಎಣಿಸುತ್ತೇನೆ.

ಮಾಡುವುದು ಇಷ್ಟೇ. ಹತ್ತು ಗಂಟೆಗೆ ಫೋನನ್ನು ಅಮ್ಮನ ಕೋಣೆಯಲ್ಲಿ ಚಾರ್ಜಿಗೆ ಹಾಕುವುದು. ಅಮ್ಮ ಯಾಕೆ ಅಂತ ಕೇಳಲಿಲ್ಲ. ಕಾಲು ತೊಳೆದು ದೇವರ ಮನೆಯ ಬಾಗಿಲಲ್ಲಿ ಕೂರುವುದು. ತೋರುಬೆರಳು ತಾಗದ ಹಾಗೆ ಮಧ್ಯದ ಬೆರಳಿನ ಮೇಲೆ ಮಾಲೆ ಇಟ್ಟು, ಹೆಬ್ಬೆರಳಿನಿಂದ ಒಂದೊಂದೇ ಮಣಿ ಎಳೆಯುವುದು. ಮಾಲೆಯ ತುದಿಯ ಮೇರು ಮಣಿ ಬಂದರೆ ದಾಟದೆ ತಿರುಗಿಸುವುದು. ನನಗೆ ಮಂತ್ರದ ಉಪದೇಶ ಆಗಿರುವುದರಿಂದ ಅಷ್ಟಾಕ್ಷರ, ಅಂದರೆ 'ಓಂ ನಮೋ ನಾರಾಯಣಾಯ'. ನನ್ನ ವೇಗಕ್ಕೆ ಒಂದು ಸುತ್ತಿಗೆ ಆರು ನಿಮಿಷ. ನಾಲ್ಕು ಸುತ್ತು ಆಗುವಷ್ಟರಲ್ಲಿ ಆ ಇಪ್ಪತ್ತು ನಿಮಿಷ ದಾಟಿರುತ್ತದೆ. ಉಪದೇಶ ಆಗಿಲ್ಲ ಅಂತ ಯಾರೂ ಹಿಂಜರಿಯಬೇಕಿಲ್ಲ. ನಾಮಕ್ಕೆ ಯಾವ ದೀಕ್ಷೆಯೂ ಬೇಡ. ನನ್ನ ಹೆಂಡತಿ ಪಾತ್ರೆ ತೊಳೆಯುತ್ತಾ ಕೃಷ್ಣ ಕೃಷ್ಣ ಅನ್ನುತ್ತಾಳೆ, ಅವಳ ಜಪ ನನ್ನದಕ್ಕಿಂತ ಗಟ್ಟಿ.

ಮನಸ್ಸು ನಿಂತಿತಾ? ಇಲ್ಲ. ಮೊದಲ ತಿಂಗಳು ಇನ್ನೂ ಕೆಟ್ಟದಾಯಿತು. ಬಾಯಲ್ಲಿ ನಾರಾಯಣ, ಕಣ್ಣೊಳಗೆ ಬೇರೆ ಏನೋ. ಆದರೆ ಕೈಗೆ ಕೆಲಸ ಇತ್ತು, ಬಾಯಿಗೆ ಕೆಲಸ ಇತ್ತು. ಮಾಲೆ ಹಿಡಿದ ಬಲಗೈ ಫೋನ್ ಹಿಡಿಯೋಕೆ ಆಗಲ್ಲ ನೋಡಿ. ಕೆಟ್ಟ ಯೋಚನೆಯನ್ನು ಓಡಿಸೋಕೆ ಹೋಗಲಿಲ್ಲ. ಬಂತು, ಇರಲಿ, ಮುಂದಿನ ಮಣಿ.

ದ್ವಿದಳವ್ರತವೂ ಮುಗಿಯಿತು. ಕಾರ್ತಿಕದ ಉತ್ಥಾನ ದ್ವಾದಶಿಗೆ ತುಳಸಿ ಪೂಜೆ ಆಯಿತು. ಗೆದ್ದೆ ಅಂದುಕೊಂಡೆ. ಹೆಂಡತಿಗೆ ಹೇಳದಿದ್ದರೂ ಮನಸ್ಸಿನಲ್ಲಿ ಒಂದು ಜಂಬ. ಆರನೇ ದಿನ ಆಫೀಸಿನಲ್ಲಿ ಒಂದು ಲೆಕ್ಕ ತಪ್ಪಿ ಎಲ್ಲರೆದುರು ಬೈಸಿಕೊಂಡು ಬಂದೆ. ಅವತ್ತು ಫೋನ್ ಅಮ್ಮನ ಕೋಣೆಗೆ ಹೋಗಲಿಲ್ಲ. ರಾತ್ರಿ ಎರಡಾಯಿತು.

ಅದೇ ಅಧ್ಯಾಯದ 59ನೇ ಶ್ಲೋಕವನ್ನು ಆ ವಾರ ಎಷ್ಟು ಸಲ ಓದಿದೆನೋ. ಊಟ ಬಿಟ್ಟವನಿಂದ ವಿಷಯಗಳು ದೂರ ಸರಿಯುತ್ತವೆ, 'ರಸವರ್ಜಂ', ರುಚಿ ಮಾತ್ರ ಉಳಿಯುತ್ತದೆ. ದೊಡ್ಡದನ್ನು ಕಂಡಾಗ ಆ ರುಚಿಯೂ ಹೋಗುತ್ತದೆ. ನಾಲ್ಕು ತಿಂಗಳು ನಾನು ಬಿಟ್ಟದ್ದು ತಿನ್ನುವುದನ್ನು, ರುಚಿಯನ್ನಲ್ಲ.

ಮಠದಲ್ಲಿ ಶನಿವಾರದ ಭಜನೆಗೆ ಬರುವ ಹಿರಿಯರೊಬ್ಬರ ಹತ್ತಿರ ಅರ್ಧಂಬರ್ಧ ಹೇಳಿಕೊಂಡೆ. ವಿವರ ಕೇಳಲಿಲ್ಲ ಅವರು. "ಜಪ ಬಿಟ್ಟೆಯಾ?" ಅಂದರು. ಮೂರು ದಿನದಿಂದ ಮಾಡಿಲ್ಲ, ಮೈಲಿಗೆ ಅನಿಸುತ್ತದೆ ಅಂದೆ. "ಸ್ನಾನ ಯಾರು ಮಾಡಬೇಕಪ್ಪ? ಕೊಳೆ ಆದವನೇ ತಾನೆ?" ಅಂದು ತಾಳ ಕೈಗೆ ಕೊಟ್ಟರು.

ಅಲ್ಲಿಂದ ಶನಿವಾರ ತಪ್ಪಿಸಿಲ್ಲ. ನನಗೆ ಶ್ರುತಿ ಇಲ್ಲ, ತಾಳವೂ ಅಷ್ಟಕ್ಕಷ್ಟೇ. ಹತ್ತು ಹನ್ನೆರಡು ಜನ, ಒಂದು ಹಳೆ ಹಾರ್ಮೋನಿಯಂ, ಕೊನೆಗೆ ಅವಲಕ್ಕಿ ಪ್ರಸಾದ. ಆದರೆ ದಾಸರ ಪದಗಳನ್ನು ಎಲ್ಲರ ಜೊತೆ ಗಂಟಲು ಬಿಟ್ಟು ಹಾಡುವಾಗ ಒಂದು ವಿಷಯ ಗಮನಕ್ಕೆ ಬಂತು. ಅವರು ತಮ್ಮ ಕಾಮ, ಕೋಪ, ಕಪಟ ಯಾವುದನ್ನೂ ಮುಚ್ಚಿಡುವುದಿಲ್ಲ. ಹೆಸರಿಟ್ಟು ಹೇಳಿ, ಇದನ್ನು ನೀನೇ ನೋಡಿಕೋ ಅಂತ ಹರಿಗೆ ಒಪ್ಪಿಸುತ್ತಾರೆ. ಬೈಯುತ್ತಲೇ ಹೊಗಳುವ ನಿಂದಾಸ್ತುತಿಯಲ್ಲಂತೂ ದೇವರ ಜೊತೆಗೇ ಜಗಳ. ನಾನು ಯಾರಿಗೂ ಹೇಳಲಾಗದ್ದನ್ನು ನೂರಾರು ವರ್ಷದಿಂದ ಜನ ತಾಳ ಹಾಕಿಕೊಂಡು ಹಾಡುತ್ತಿದ್ದಾರೆ! ಒಂದು ಶನಿವಾರ ಹಾಡುತ್ತಾ ಹಾಡುತ್ತಾ ಅಳು ಬಂತು. ಯಾರೂ ನನ್ನನ್ನು ನೋಡಲಿಲ್ಲ, ಅಥವಾ ನೋಡಿಯೂ ನೋಡದ ಹಾಗಿದ್ದರು. ಅವತ್ತು ರಾತ್ರಿ ಜಪಕ್ಕೆ ಕೂತಾಗ ಮೊದಲ ಬಾರಿ ನಾಲ್ಕನೇ ಸುತ್ತು ಮುಗಿದದ್ದು ಗೊತ್ತಾಗಲಿಲ್ಲ. ಐದನೆಯದು ಅರ್ಧ ಆಗಿತ್ತು.

ಆಮೇಲೆ ಹೆಂಡತಿಗೆ ಹೇಳಿದೆ. ಅದು ಹೇಗಾಯಿತು ಅಂತ ಇಲ್ಲಿ ಬರೆಯಲ್ಲ, ಅದು ಅವಳದ್ದು. ನಿದ್ದೆ ಸರಿಯಿಲ್ಲದ ಕಾರಣಕ್ಕೆ ಒಬ್ಬ ಮನೋವೈದ್ಯರನ್ನೂ ಎರಡು ಸಲ ಕಂಡೆ. ಜಪ ಮಾಡುವವನು ಡಾಕ್ಟರ ಹತ್ತಿರ ಹೋಗಬಾರದು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ.

ಈಗಲೂ ಬೀಳುವುದಿಲ್ಲ ಅಂದರೆ ಸುಳ್ಳಾಗುತ್ತದೆ. ಈ ವರ್ಷ ಯುಗಾದಿಯಿಂದ ಇಲ್ಲಿಯವರೆಗೆ ಎರಡು ಸಲ. ಬಿದ್ದ ಮರುದಿನ ಸಂಧ್ಯಾವಂದನೆ ಬಿಟ್ಟಿಲ್ಲ. ನೀರು ಅಂಗೈಗೆ ಬಂದಾಗ ರಾತ್ರಿಯ ಚಿತ್ರವೂ ಬರುತ್ತದೆ. ಬರಲಿ ಅಂತ ಮೂರು ಸಲ ಆಚಮನ ಮಾಡಿ ಮುಂದೆ ಹೋಗುತ್ತೇನೆ.

ಸದ್ಯ ಮನೆಯಲ್ಲಿ ಕ್ಷೀರವ್ರತ ನಡೆಯುತ್ತಿದೆ. ಡಿಕಾಕ್ಷನ್‌ಗೆ ಬೆಲ್ಲದ ಬದಲು ಕಲ್ಲುಸಕ್ಕರೆ ಹಾಕಿದರೆ ಕುಡಿಯಬಹುದು ಅಂತ ಈ ವರ್ಷ ಕಂಡುಹಿಡಿದೆ. ಇದನ್ನೆಲ್ಲ ಟೈಪ್ ಮಾಡುತ್ತಿರುವುದೂ ಅದೇ ಫೋನಿನಲ್ಲೇ. ಹತ್ತಕ್ಕೆ ಇನ್ನು ಐದು ನಿಮಿಷ ಇದೆ, ಅಮ್ಮ ಚಾರ್ಜರ್ ಹಾಕಿ ಕಾಯುತ್ತಿದ್ದಾರೆ.