ಜ್ವರ ನೋಡುವ ಮುಂಚೆ ಉಸಿರು ಎಣಿಸುತ್ತೇನೆ

ವಾರ್ಡಿಗೆ ಹೊಸ ರೋಗಿ ಬಂದರೆ ನಾನು ಮೊದಲು ಎಣಿಸುವುದು ಉಸಿರನ್ನು. ನಾಡಿ ನೋಡುವ ಹಾಗೆ ಮಣಿಕಟ್ಟು ಹಿಡಿದುಕೊಳ್ಳುತ್ತೇನೆ, ಕಣ್ಣು ಮಾತ್ರ ಎದೆಯ ಮೇಲೆ. ಪೂರ್ತಿ ಒಂದು ನಿಮಿಷ. ಉಸಿರು ಎಣಿಸುತ್ತಿದ್ದೇನೆ ಅಂತ ಹೇಳುವುದಿಲ್ಲ. ಗೊತ್ತಾದರೆ ಉಸಿರಾಡುವ ರೀತಿಯೇ ಬದಲಾಗುತ್ತದೆ, ಅಲ್ವಾ? ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಸರಿ. 25 ಮುಟ್ಟಿದರೆ ಡಾಕ್ಟರನ್ನು ಕೂಡಲೇ ಕರೆಯುತ್ತೇನೆ.

ನ್ಯುಮೋನಿಯಾ ಆಗಿ ಬಂದ ಹುಡುಗನೊಬ್ಬ "ನಾನು ಆರಾಮಾಗಿದ್ದೀನಿ ಸಿಸ್ಟರ್" ಅಂದ. ಬಿಪಿ ಸರಿಯಾಗೇ ಇತ್ತು. ಆದರೆ ಅಷ್ಟು ಹೇಳುವಷ್ಟರಲ್ಲೇ ನಡುವೆ ಒಮ್ಮೆ ಉಸಿರೆಳೆದುಕೊಂಡ. ಎಣಿಸಿದರೆ 30. ಬೆರಳ ತುದಿ ಐದು ಸೆಕೆಂಡು ಒತ್ತಿ ಬಿಟ್ಟೆ. ಬಿಳಿಚಿದ ಜಾಗಕ್ಕೆ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಬರಬೇಕು, ಅವನಿಗೆ ಬರಲಿಲ್ಲ. ಕೈ ತಣ್ಣಗಿತ್ತು. ಡಾಕ್ಟರ್ ಬರುವಷ್ಟರಲ್ಲಿ ಆಕ್ಸಿಜನ್ ಹಾಕಿ, ಡ್ರಿಪ್‌ಗೆ ಸಿದ್ಧ ಮಾಡಿಟ್ಟೆ. ಅವನು ಚೇತರಿಸಿಕೊಂಡ.

ಬಿಪಿಯನ್ನಷ್ಟೇ ನಂಬಬಾರದು ಅನ್ನುವುದು ಇದಕ್ಕೇ. ಸೋಂಕು ಜೋರಾದಾಗ ಜೀವಕೋಶಗಳಿಗೆ ಆಮ್ಲಜನಕ ಜಾಸ್ತಿ ಬೇಕು. ಸಿಗದಿದ್ದರೆ ರಕ್ತದಲ್ಲಿ ಆಮ್ಲ ಏರುತ್ತದೆ. ಅದನ್ನು ತಗ್ಗಿಸಲು ದೇಹ ಬೇಗಬೇಗ ಉಸಿರು ಬಿಟ್ಟು ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುತ್ತದೆ. ಹೃದಯದ ಬಡಿತ ಏರುತ್ತದೆ. ಕೈಕಾಲಿನ ರಕ್ತನಾಳ ಬಿಗಿಯಾಗಿ, ರಕ್ತ ಮೆದುಳಿಗೂ ಹೃದಯಕ್ಕೂ ಉಳಿಯುತ್ತದೆ. ಇಷ್ಟೆಲ್ಲ ಮಾಡಿಯೂ ಆಗದಿದ್ದಾಗ ಬಿಪಿ ಇಳಿಯುತ್ತದೆ. ವಯಸ್ಸು ಚಿಕ್ಕದಿದ್ದಷ್ಟೂ ದೇಹ ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ, ಆಮೇಲೆ ಒಮ್ಮೆಗೇ ಕುಸಿಯುತ್ತದೆ.

ಮನೆಯವರು ಹೆದರುವುದು ಜ್ವರಕ್ಕೆ. ಜ್ವರ ಎಂದರೆ ಮೆದುಳು ತಾನೇ ಮೈಬಿಸಿಯ ಗುರಿ ಏರಿಸಿಕೊಳ್ಳುವುದು. ಮೈ ಸುಡುತ್ತಿದ್ದರೂ ಚಳಿ ಹತ್ತುವುದು ಅದರಿಂದಲೇ. ವಯಸ್ಸಾದವರಿಗೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ. "ನಿನ್ನೆಯಿಂದ ಅಜ್ಜ ಏನೇನೋ ಮಾತಾಡ್ತಾರೆ" ಅಂತ ಕರೆತರುತ್ತಾರೆ, ಒಳಗೆ ಸೋಂಕು ಇರುತ್ತದೆ. ಹಾಗಾಗಿ ಎರಡು ಪ್ರಶ್ನೆ ತಪ್ಪದೆ ಕೇಳುತ್ತೇನೆ: ಮಾತು, ಗುರುತು ಎಂದಿನಂತೆ ಇದೆಯಾ? ಬೆಳಿಗ್ಗೆಯಿಂದ ಮೂತ್ರ ಎಷ್ಟು ಸಲ ಆಯಿತು? ರಕ್ತ ಸಾಲದಿದ್ದರೆ ಮೂತ್ರಪಿಂಡ ನೀರು ಹಿಡಿದಿಟ್ಟುಕೊಳ್ಳುತ್ತದೆ, ಮೂತ್ರ ಕಡಿಮೆಯಾಗುತ್ತದೆ.

ಮಕ್ಕಳ ಲೆಕ್ಕ ಬೇರೆ. ಕೆಮ್ಮು ಇರುವ ಮಗು ಅಳದೆ ಸುಮ್ಮನಿದ್ದಾಗ ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಮುಟ್ಟಿದರೆ ಬೆಳಗಾಗುವ ತನಕ ಕಾಯಬೇಡಿ, ಆಸ್ಪತ್ರೆಗೆ ಕರೆತನ್ನಿ.